ಓಯ್ರಿಕ್ ಅತ್ತೆ ಹೇಳದ ಗುಡ್ಡ

ಅಕ್ಟೋಬರ್ ೧೪, ಮಂಗಳವಾರ

ಆ ಒಂದು ಗುಡ್ಡ ಇವತ್ತೂ ಬಾಕಿ ಉಳಿಯಿತು. ಹಳೆಯ ಹೆಸರುಗಳ ನಕ್ಷೆಗಾಗಿ ನಮ್ಮ ಲೂಯಿಸ್ ದ್ವೀಪದ ಈ ತೀರದ ಕೆರೆ, ಗುಡ್ಡಗಳ ಗೇಲಿಕ್ ಭಾಷೆಯ ಹೆಸರನ್ನೆಲ್ಲ ಓಯ್ರಿಕ್ ಅತ್ತೆ ಹೇಳಿದರು, ನಾನು ರೆಕಾರ್ಡ್ ಮಾಡಿಕೊಂಡೆ. ನಡುನಡುವೆ ಚಹಾ, ನಡುನಡುವೆ ಗೇಲಿ. “ಕಾಗದದ ಗುಡ್ಡದಲ್ಲಿ ಕುರಿ ಮೇಯುತ್ತಾ ಕಣೇ?”

ಕಿಟಕಿಯಾಚೆಯ ಗುಡ್ಡ ತೋರಿಸಿದೆ. ಅವರು ಲೋಟ ಕೆಳಗಿಟ್ಟರು.

“ಅದನ್ನ ಕೇಳಬೇಡ ಕಣೇ. ಮನೆ ದೋಣಿ ಕಡಲಲ್ಲಿರುವಾಗ ಅದರ ಹೆಸರು ಎತ್ತಬಾರದು. ನಿಂಗೊತ್ತಿಲ್ವಾ?”

ಗೊತ್ತು. ಇಲ್ಲಿನ ಮೀನುಗಾರರ ಮನೆಗಳಲ್ಲೆಲ್ಲ ಅದೇ ಕಟ್ಟುಪಾಡು. ಅವರ ಮಗ ಟೋರ್ಮೊಡ್ ವರ್ಷಗಳ ಹಿಂದೆ ತೆಗೆದುಕೊಂಡು ಹೋದ ದೋಣಿ ಈವರೆಗೆ ದಡ ಮುಟ್ಟಿಲ್ಲ. ಅವನಿಗೂ ನನಗೂ ಮದುವೆ ಗೊತ್ತಾಗಿದ್ದ ವರ್ಷ ಅದು. ಮದುವೆಯಾಗದಿದ್ದರೂ ಅವರನ್ನು ಅತ್ತೆ ಎನ್ನುವುದನ್ನು ನಾನು ಬಿಟ್ಟಿಲ್ಲ.

“ಅವನು ಬರಲಿ, ಅವನನ್ನೇ ಕೇಳು,” ಎಂದರು.

ಬೇರೆ ಯಾರನ್ನಾದರೂ ಕೇಳು ಎನ್ನುತ್ತಾರೆ ನಕ್ಷೆಯವರು. ಯಾರನ್ನೂ ಕೇಳಬೇಕಾಗಿಲ್ಲ. ಆ ಗುಡ್ಡ ಹತ್ತಿದ ದಿನ ಟೋರ್ಮೊಡನೇ ನನಗೆ ಹೆಸರು ಹೇಳಿದ್ದ. ಬರೆದುಬಿಡೋಣವೆಂದು ಈಗ ನಕ್ಷೆ ಬಿಡಿಸಿಕೊಂಡು ಕೂತೆ. ಹೊರಗೆ ಗಾಳಿ ಎದ್ದಿದೆ. ಇಂಥ ಗಾಳಿಯಲ್ಲಿ ಅವನ ದೋಣಿ ಹೊರಗಿರುವಾಗ ನಾನು ಹೇಗೆ ಆ ಹೆಸರು ಎತ್ತಲಿ?