ಬಲಗಡೆಯ ನರ

ಅತ್ತಿಗೆಗೆ,

ಸಂಜೆ ಆರು ಗಂಟೆ. ಇಡೀ ದಿನ ಸರ್ಕಾರಿ ಆಸ್ಪತ್ರೆಯಲ್ಲೇ ಕಳೆಯಿತು. ಫೋನಿನಲ್ಲಿ ಹೇಳಿದರೆ ಅಮ್ಮ ಕೇಳಿಸಿಕೊಳ್ಳುತ್ತಾಳೆ, ಅದಕ್ಕೇ ಮೆಸೇಜಿನಲ್ಲಿ ಬರೆಯುತ್ತಿದ್ದೇನೆ. ಹೇಳಲು ಸಂಕೋಚ, ಆದರೂ ಕೇಳಿ. ವೃಷಣದ ನರ ಊದಿಕೊಂಡಿದೆ, ವೆರಿಕೋಸೀಲ್ ಅಂತೆ. ಮೂಟೆ ಹೊತ್ತು ಹೀಗಾಯಿತು ಎಂದುಕೊಂಡಿದ್ದೆ. ವಿಮೆ ಕಾರ್ಡಿನಲ್ಲಿ ಆಪರೇಷನ್ ಮಂಜೂರಾಗಿತ್ತು. ಕೌಂಟರಿನ ಹುಡುಗಿ, "ಬಿಡಿ ಅಣ್ಣಾ, ಇನ್ನು ನಿಮಗೂ ರಜೆ, ಮೂಟೆಗೂ ರಜೆ" ಎಂದು ನಗಿಸಿದಳು.

ಡಾಕ್ಟರು ನಗಲಿಲ್ಲ. ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು. "ಇದು ಸಾಮಾನ್ಯವಾಗಿ ಎಡಗಡೆ ಬರುತ್ತೆ, ಮಲಗಿದ್ರೆ ಇಳಿಯುತ್ತೆ. ನಿಮ್ದು ಬಲಗಡೆ, ಇಳೀತಾನೂ ಇಲ್ಲ. ಆಪರೇಷನ್ ಆಮೇಲೆ, ಮೊದಲು ಸ್ಕ್ಯಾನ್ ಮಾಡಿ ಕಿಡ್ನಿ ನೋಡೋಣ. ಮನೇಲಿ ಯಾರಿಗಾದ್ರೂ ಕಿಡ್ನೀಲಿ ಗಡ್ಡೆ ಆಗಿತ್ತಾ?" ಎಂದರು.

ಇಲ್ಲ ಎಂದುಬಿಟ್ಟೆ. ಅಣ್ಣ ಕಣ್ಣು ಮುಚ್ಚುವವರೆಗೂ ಅವನ ಗಡ್ಡೆಯನ್ನು ಸೊಂಟನೋವು ಎಂದೇ ಹೇಳಿಕೊಂಡು ಬಂದೆವಲ್ಲ, ನಾಲಿಗೆ ಹೊರಳಲಿಲ್ಲ.

ನೀವು ಜೊತೆಗೆ ಬಂದು ಡಾಕ್ಟರಿಗೆ ನಿಜ ಹೇಳಬೇಕು. ಅಣ್ಣನ ಸ್ವೆಟರ್ ಇದ್ದರೆ ತನ್ನಿ, ಸ್ಕ್ಯಾನಿನ ಕೋಣೆ ತುಂಬಾ ತಣ್ಣಗಂತೆ. ಅಮ್ಮನಿಗೆ ನಾನು ಸೊಂಟನೋವು ಎಂದಿದ್ದೇನೆ.

ನಾಳೆ ಬೆಳಿಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ ಹೋಗಬೇಕು.

ನಿಮ್ಮ ಮೈದುನ