ಷಡ್ಡಕನ ಮಣಿಕಟ್ಟು

ಮೂರನೇ ಮಹಡಿಯ ವಾರ್ಡು, ಕಿಟಕಿ ಪಕ್ಕದ ಮಂಚ
ಮಾರ್ಚ್ ೧೨, ಗುರುವಾರ

ಪ್ರೀತಿಯ ಬಾಬಿನ್,

ಹೇಗಿದ್ದೀಯಮ್ಮ? ಸೊಂಟನೋವು ಕಡಿಮೆಯಾಯಿತೇ? ಎಕ್ಸ್‌ರೇ ತಡೆಯುವ ಆ ಸೀಸದ ಅಂಗಿ ತೊಟ್ಟು ದಿನವಿಡೀ ನಿಂತರೆ ಯಾರ ಸೊಂಟ ತಾನೇ ಉಳಿದೀತು. ಅದರ ಹೆಗಲು ಸರಿಯಾಗಿ ಕೂತಿಲ್ಲವೆಂದು ನಾನು ಆಗಲೇ ಹೇಳಿದ್ದೆ. ದರ್ಜಿ ಅಪ್ಪನ ಮಾತನ್ನು ಹೃದಯದ ಡಾಕ್ಟರು ಕೇಳುವುದುಂಟೇ. ನಿನ್ನನ್ನು ಅಲ್ಲಿ ಎಲ್ಲರೂ ಮೇಡಂ ಎನ್ನುತ್ತಾರಂತೆ. ನನಗೆ ಮಾತ್ರ ನೀನು ದಾರದ ಉರುಳೆಯಂತೆ ಹೊಲಿಗೆ ಯಂತ್ರದ ಸುತ್ತ ಗಿರ್ರನೆ ತಿರುಗುತ್ತಿದ್ದ ಬಾಬಿನ್ನೇ.

ನಾನು ಚೆನ್ನಾಗಿದ್ದೇನೆ. ಎದೆನೋವು ಮತ್ತೆ ಬಂದಿಲ್ಲ. ಸೂಜಿ ಹಾಕಿದ ತೊಡೆಸಂದಿನ ನೀಲಿ ಕಲೆಯನ್ನು ನೀನೇ ನೋಡಿ ಹೋಗಿದ್ದೀಯ. ಈಗ ಕೆಡುತ್ತಿರುವುದು ನನ್ನ ಹೊಟ್ಟೆ, ಅದೂ ಉರಿಯಿಂದ. ಇವತ್ತು ಬೆಳಿಗ್ಗೆ ನಿನ್ನ ಚಿಕ್ಕಪ್ಪ, ಅಂದರೆ ನನ್ನ ಷಡ್ಡಕ ಮಹಾಶಯ, ನನ್ನನ್ನು ನೋಡಲು ಬಂದಿದ್ದ. ನೋಡಲು ಬಂದವನು ಮೊದಲು ತೋರಿಸಿದ್ದು ತನ್ನ ಮಣಿಕಟ್ಟನ್ನು. ಕಳೆದ ವರ್ಷ ನಿಮ್ಮ ಮನೆಗೆ ಬಂದಿದ್ದಾಗ ಅವನಿಗೆ ಹೃದಯಾಘಾತವಾಗಿ, ನೀನು ಮಣಿಕಟ್ಟಿನ ರಕ್ತನಾಳದಿಂದ ತಂತಿ ತೂರಿಸಿ ಹೃದಯದ ಅಡಚಣೆ ಬಿಡಿಸಿದೆಯಲ್ಲ, ಅಂದಿನಿಂದ ಅವನ ಕೈ ನೆಲದ ಮೇಲಿಲ್ಲ. ಸಾಸಿವೆ ಕಾಳಿನಷ್ಟಿದ್ದ ಗಾಯ ಎಂದೋ ಮಾಯವಾಗಿದೆ. ಆದರೂ ಆ ಜಾಗ ಜನರಿಗೆ ಕಾಣಲೆಂದು ಇದ್ದಬದ್ದ ಅಂಗಿಗಳ ಬಲಗೈ ಕಫ್ ಸಡಿಲ ಮಾಡಿಸಿಕೊಂಡ. ಅದನ್ನೂ ನನ್ನ ಕೈಯಲ್ಲೇ.

ಸೋಮವಾರ ಅಂಗಡಿಯಲ್ಲಿ ಎದೆ ಹಿಂಡಿದಾಗ ನನಗೆ ಜೀವದ ಭಯಕ್ಕಿಂತ ಮೊದಲು ಅವನ ಕಫ್ ನೆನಪಾಯಿತು ಎಂದರೆ ನೀನು ನಗಬಹುದು. ಆಸ್ಪತ್ರೆಗೆ ತಂದು ಮೇಜಿನ ಮೇಲೆ ಮಲಗಿಸಿದ ಕೂಡಲೇ ಬಲಗೈ ಚಾಚಿಬಿಟ್ಟೆ. ನರ್ಸಮ್ಮ ಮಣಿಕಟ್ಟು, ತೊಡೆಸಂದು ಎರಡೂ ಕಡೆ ಔಷಧ ಬಳಿದು ಸಿದ್ಧ ಮಾಡುತ್ತಿದ್ದರೆ ನಾನು ತೊಡೆಯ ಮೇಲಿನ ಬಟ್ಟೆಯನ್ನು ಬಿಗಿಹಿಡಿದು, ನನ್ನ ಮಗಳು ಮಣಿಕಟ್ಟಿನ ಡಾಕ್ಟರು, ನನಗೂ ಅದೇ ಆಗಬೇಕು ಎಂದು ಹಟ ಹಿಡಿದೆ. ಡಾಕ್ಟರು ತಾವೂ ಅಲ್ಲಿಂದಲೇ ಶುರು ಮಾಡುವವರೆಂದರು. ಸೂಜಿ ಹೋಯಿತು, ತಂತಿಯೂ ಹೋಯಿತು, ಆಮೇಲೆ ನನ್ನ ನಾಳ ಮುಷ್ಟಿ ಬಿಗಿದ ಹಾಗೆ ಬಿಗಿದುಕೊಂಡಿತು. ಔಷಧ ಹಾಕಿದರೂ ಬಗ್ಗಲಿಲ್ಲ. ಇನ್ನೊಮ್ಮೆ ನೋಡಿ ಎಂದು ನಾನು ಗೋಗರೆದೆ. ಅವರು ತೊಡೆಯ ಕಡೆ ತಿರುಗುತ್ತಲೇ, "ಯಜಮಾನ್ರೇ, ನಾನು ನಿಮ್ಮ ಹೃದಯಕ್ಕೆ ಹೋಗ್ಬೇಕು. ದಾರಿ ಹುಡುಕ್ತಾ ಕೂತ್ರೆ ಅದು ಕಾಯಲ್ಲ," ಎಂದರು. ಬಿಗಿಹಿಡಿದಿದ್ದ ಬಟ್ಟೆಯನ್ನು ಬಿಟ್ಟೆ.

ಜೀವನಪೂರ್ತಿ ಬೇರೆಯವರ ಸೊಂಟ, ತೊಡೆ ಅಳೆದವನು ನಾನು. ನನ್ನದನ್ನು ಬೇರೆಯವರು ಮುಟ್ಟಿದಾಗ ಹೇಗಿರುತ್ತದೆಂದು ಅವತ್ತು ತಿಳಿಯಿತು. ಆಮೇಲೆ ರಕ್ತ ಒಸರದಿರಲೆಂದು ತೊಡೆಸಂದಿನ ಮೇಲೆ ಮರಳಿನ ಚೀಲ ಹೇರಿ, ಕಾಲು ಮಡಚಬೇಡಿ, ತಲೆ ಎತ್ತಬೇಡಿ ಎಂದು ಹೇಳಿ ಹೋದರು. ಪಕ್ಕದ ಮಂಚದ ಶಾಲಾ ಮೇಷ್ಟ್ರು ನನ್ನ ನಂತರ ಬಂದವರು, ಮಣಿಕಟ್ಟಿಗೊಂದು ಪಟ್ಟಿ ಬಿಗಿಸಿಕೊಂಡು ಆಗಲೇ ಕೂತು ಪೇಪರ್ ಓದುತ್ತಿದ್ದರು. ಆ ಚೀಲ ಎತ್ತಿ ಅವರ ಮೇಲೆ ಹಾಕಬೇಕೆನ್ನಿಸಿತು. ಇವತ್ತು ಇದನ್ನೆಲ್ಲ ಕೇಳಿದ ಷಡ್ಡಕ ಏನೆಂದ ಗೊತ್ತೇ? ಡ್ರೈವಿಂಗ್ ಸ್ಕೂಲ್ ನಡೆಸಿದ ಬಾಯಿ ನೋಡು, "ಭಾವ, ನಂದು ಹೈವೇ, ನಿಮ್ದು ಸಂದಿಗೊಂದಿ," ಎಂದು ವಾರ್ಡಿಗೆಲ್ಲ ಕೇಳುವಂತೆ ನಕ್ಕ. ನಿನ್ನ ಅಮ್ಮನೂ ನಕ್ಕಳು. ನಾನು ನಿದ್ದೆ ಬಂದವನ ಹಾಗೆ ಕಿಟಕಿಯ ಕಡೆ ತಿರುಗಿದೆ.

ನೀನಾದರೂ ನನ್ನ ಪರ ನಿಲ್ಲುತ್ತೀಯೆಂದುಕೊಂಡಿದ್ದೆ. ಮಂಗಳವಾರ ನೀನು ಓಡಿ ಬಂದೆ, ನಿಜ. ಪಾದದ ನಾಡಿ ಹಿಡಿದು ನೋಡಿದೆ, ಚಿತ್ರಗಳನ್ನು ತಿರುವಿದೆ, ಬಹಳ ಚೆನ್ನಾಗಿ ಮಾಡಿದ್ದಾರೆ ಎಂದು ಆ ಡಾಕ್ಟರನ್ನು ಹೊಗಳಿ ಸಂಜೆಯ ಹೊತ್ತಿಗೆ ಡ್ಯೂಟಿಗೆ ಹೊರಟೆ. ಹೊಗಳಿದ್ದು ಸರಿಯೇ, ನನ್ನ ಜೀವ ಉಳಿಸಿದವರು. ಆದರೂ ಬೇರೆಯವರ ಹೊಲಿಗೆಯನ್ನು ನನ್ನ ಮಗಳು ನನ್ನ ಮುಂದೆಯೇ ಮೆಚ್ಚಿಕೊಂಡಿದ್ದು ನನಗೆ ಸಹಿಸಲಾಗಲಿಲ್ಲ. ಷಡ್ಡಕನಿಗೆ ನಿನ್ನ ಕೈ, ನನಗೆ ಪರರ ಕೈ.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಮುಟ್ಟಿದ ಎದೆಗಳೆಲ್ಲ ನೂರು ವರ್ಷ ಬಡಿಯಲಿ, ಷಡ್ಡಕನದೂ ಸೇರಿ.

ನಿನ್ನ ಅಪ್ಪ

ತಾ.ಕ.: ಊಟದ ಗಾಡಿ ಬಂತು, ಬೇಗ ಬರೆಯುತ್ತೇನೆ. ಹೃದಯದ ಇನ್ನೊಂದು ನಾಳವೂ ಕಿರಿದಾಗಿದೆ, ಮುಂದಿನ ತಿಂಗಳು ಬಿಡಿಸಬೇಕು ಎಂದಿದ್ದಾರಲ್ಲ, ಅದನ್ನು ನಿನ್ನಿಂದಲೇ ಮಾಡಿಸಬೇಕೆಂದಿದ್ದೆ. ಆದರೆ ನೀನು ಕಾರಿಡಾರಿನಲ್ಲಿ ಅಮ್ಮನಿಗೆ, "ಅಪ್ಪಂದು ನನ್ನ ಕೈಲಾಗಲ್ಲಮ್ಮ, ಕೈ ನಡುಗತ್ತೆ," ಎಂದು ಕಣ್ಣೀರು ಹಾಕಿದೆಯಂತೆ. ಇವತ್ತು ಷಡ್ಡಕ ಹೋದ ಮೇಲೆ ಅವಳು ಹೇಳಿದಳು. ಅವನಿಗೆ ಮಾಡುವಾಗ ನಡುಗಲಿಲ್ಲವಲ್ಲ. ಅಷ್ಟು ಸಾಕು ನನಗೆ. ನೀನು ಮಾಡಬೇಡಮ್ಮ, ಅವತ್ತು ಬಂದು ಪಕ್ಕದಲ್ಲಿ ನಿಂತಿರು. ಮತ್ತೆ ತೊಡೆಯಿಂದಲೇ ಮಾಡಿ ಎಂದು ಡಾಕ್ಟರಿಗೆ ಈಗಲೇ ಹೇಳಿಬಿಟ್ಟಿದ್ದೇನೆ. ನೀನು ಹಿಡಿದುಕೊಳ್ಳಲು ನನ್ನ ಕೈ ಖಾಲಿ ಇರಬೇಕಲ್ಲ.