ಓಣಿಯಲ್ಲ, ಸಂದು

ಬಾಚುಪಲ್ಲಿ, ಹೈದರಾಬಾದ್
ಸೋಮವಾರ, 10 ಫೆಬ್ರವರಿ 2025

ವೇದವತಿಗೆ,

ನಮ್ಮ ಟವರಿನ ಹಿಂದಿನ ಕಾಂಪೌಂಡ್ ಗೋಡೆ ಒಡೆದು ನಡೆಯುವವರಿಗೆ ಗೇಟ್ ಇಡಲು ನಿನ್ನೆ ಸಂಘದ ಸಭೆ ಒಪ್ಪಿದೆ. ಪರವಾಗಿ ನಲವತ್ತೊಂದು ಮನೆ, ವಿರುದ್ಧ ಹದಿನೇಳು. ನಾನು ಜೀಡಿಮೆಟ್ಲಾದಲ್ಲಿ ಡ್ಯೂಟಿಯಲ್ಲಿದ್ದೆ. ಸುದ್ದಿ ಹೇಳಿದ್ದು ಮೂರನೇ ಮಹಡಿಯ ಅನ್ನಮ್ಮ. ಸಂಜೆ ನೋಟಿಸ್ ಬೋರ್ಡ್ ನೋಡಿ ಖಚಿತಪಡಿಸಿಕೊಂಡೆ.

ನೀನು ಮನೆ ಬಿಟ್ಟು ಹಿಮಾಯತ್‌ನಗರದ ನಿಮ್ಮಕ್ಕನಲ್ಲಿಗೆ ಹೋಗಿ ಏಳು ತಿಂಗಳಾಯಿತು. ಹೋಗುವ ದಿನ ನೀನು ಹೇಳಿದ್ದೆ: "ಕೊತ್ತಂಬರಿ ತರಾಕೂ ನಿಮ್ಮ ರಜಾ ಕಾಯಬೇಕು. ನನಗ ಕಾಲು ಅದಾವು ಅನ್ನೋದ ಮರತೈತಿ." ಫೋನಿನಲ್ಲಿ ಆರ್ಡರ್ ಮಾಡಿದರೆ ಹತ್ತು ನಿಮಿಷಕ್ಕೆ ಬರುತ್ತದಲ್ಲ ಎಂದೆ ನಾನು. ಅದು ಉತ್ತರವಲ್ಲ ಎಂದು ತಿಳಿಯಲು ತಡವಾಯಿತು. ಕಳೆದ ತಿಂಗಳು ಸ್ಕೂಟರ್ ರಿಪೇರಿಗೆ ಹೋದ ಐದು ದಿನ ನಾನೇ ನಡೆದೆ. ಮುಂದಿನ ಗೇಟಿನಿಂದ ಸುತ್ತಿ ಬಸ್ ಸ್ಟಾಪಿಗೆ ಒಂದೂವರೆ ಕಿಲೋಮೀಟರ್. ಫುಟ್‌ಪಾತ್ ಇಲ್ಲ, ನಿಂತ ನೀರಿನ ಟ್ಯಾಂಕರ್‌ಗಳಿಗೆ ಮೈ ಒತ್ತಿಕೊಂಡು ಹೋಗಬೇಕು. ಅದೇ ಸ್ಟಾಪ್ ನಮ್ಮ ಬಾಲ್ಕನಿಯಿಂದ ಕಾಣುತ್ತದೆ. ಹಿಂದಿನ ಗೋಡೆಯಿಂದ ನೂರಿಪ್ಪತ್ತು ಮೀಟರ್. ಕಾಯಿಪಲ್ಲೆ ಮಾರ್ಕೆಟ್ ಅದರ ಮಗ್ಗುಲಲ್ಲೇ.

ಎರಡು ವರ್ಷದ ಹಿಂದೆ ಇದನ್ನೇ ನೀನು ಸಭೆಯಲ್ಲಿ ಕೇಳಿದ್ದೆ. ಗೋಡೆಗೆ ಒಂದು ಸಂದು ಬೇಕು ಎಂದು, ಆಗತಾನೇ ಕಲಿತ ತೆಲುಗಿನಲ್ಲಿ. ತೆಲುಗಿನವರಿಗೆ ಸಂದು ಎಂದರೆ ಓಣಿ. ಕಾರ್ಯದರ್ಶಿ ರವಿಶಂಕರ್ ವರದಿಯಲ್ಲಿ 'ಹೊಸ ಸಂದು: ಜಾಗವಿಲ್ಲ' ಎಂದು ಬರೆದು ಮುಗಿಸಿದರು. ಟವರ್ ಸರಿಸಿ ಮೇಡಂಗೆ ರಸ್ತೆ ಮಾಡಿಕೊಡೋಣ ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಆಮೇಲೆ ನೀನು ಸಭೆಗೆ ಹೋಗಲಿಲ್ಲ.

ಈಚೆಗೆ ಅನ್ನಮ್ಮ ಆ ಹಳೆಯ ವರದಿ ಓದಿ ನನ್ನನ್ನು ಲಿಫ್ಟಿನಲ್ಲೇ ಹಿಡಿದರು. "ಅಣ್ಣಾರ, ಆಕಿ ಓಣಿ ಕೇಳಿಲ್ರಿ, ಒಬ್ಬ ಮನಷ್ಯಾ ದಾಟುವಷ್ಟು ಸಂದು ಕೇಳ್ಯಾಳ. ಬೀದರಿನಾಕಿ ನನಗ ತಿಳೀತು, ಗಂಡ ಆಗಿ ನಿಮಗ್ಯಾಕ ತಿಳೀಲಿಲ್ಲ?" ನಮ್ಮ ಮಹಡಿ ಬಂದದ್ದೇ ನಾನು ಇಳಿದುಬಿಟ್ಟೆ. ಅವರು ರವಿಶಂಕರರನ್ನು ಗೋಡೆಯ ಹತ್ತಿರ ಕರೆದೊಯ್ದು ಸೀಮೆಸುಣ್ಣದಲ್ಲಿ ಬಾಗಿಲು ಬರೆದು ತೋರಿಸಿದರು. ಇಷ್ಟೇನಾ, ಮೊದಲೇ ಹೇಳಬಾರದಿತ್ತೇ ಎಂದರಂತೆ ಅವರು.

ಗೇಟು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಬೈಕ್ ನುಗ್ಗದಂತೆ ಮೂರು ಕಂಬ ನೆಡುತ್ತಾರೆ. ಸ್ಟಾಪಿನವರೆಗೆ ಶಹಾಬಾದ್ ಫರಸಿಕಲ್ಲು ಹಾಸಲು ನಗರಪಾಲಿಕೆಗೆ ಅರ್ಜಿ ಹೋಗಿದೆ, ಒಪ್ಪಿಗೆ ಬಂದಿಲ್ಲ. ಬೀದಿದೀಪವೂ ಇಲ್ಲ. ಒಂದು ಗೇಟಿನಿಂದ ಎಲ್ಲ ಸರಿಹೋಯಿತು ಎಂದು ನಾನು ಬರೆಯುವುದಿಲ್ಲ. ನೀನು ಒಮ್ಮೆ ಬಂದು ನಡೆದು ನೋಡಬೇಕು. ಇರುವುದು ಬಿಡುವುದು ಆಮೇಲಿನ ಮಾತು.

ನಿನ್ನ
ಶರಣಕುಮಾರ

ತಾ.ಕ.: ಅನ್ನಮ್ಮನಿಗೆ ಹೇಳದ್ದನ್ನು ನಿನಗೆ ಬರೆಯುತ್ತೇನೆ. ನೀನು ಕೇಳಿದ್ದು ಏನೆಂದು ಆ ದಿನವೇ ನನಗೆ ತಿಳಿದಿತ್ತು. ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಗುವವರ ನಡುವೆ ನಿನ್ನ ಗಂಡನೆಂದು ಏಳಲು ನಾಚಿಕೆಯಾಯಿತು, ನಾನೂ ನಕ್ಕೆ. ಆ ವರದಿ ತಿದ್ದಬೇಕೆಂದು, ಇದೇ ಕಾರಣ ಸಮೇತ, ಸಂಘಕ್ಕೆ ಬರೆದುಕೊಟ್ಟಿದ್ದೇನೆ. ಭಾನುವಾರ 16ರಂದು ಹತ್ತು ಗಂಟೆಗೆ ಸಭೆಯಲ್ಲಿ ನಾನೇ ಅದನ್ನು ಓದಬೇಕು. ಗೋಡೆ ಒಡೆಯುವವರು ಹನ್ನೊಂದಕ್ಕೆ ಬರುತ್ತಾರೆ.